ಹೊಗಳಬಾರದ ಮಗು

ಹಗ್ನಾ, ಬೋಹೋಲ್
೨೨ ಮೇ ೧೯೯೪, ಭಾನುವಾರ ಸಂಜೆ

ಪ್ರೀತಿಯ ಮಗ ಮೆಸ್ಯೋಗೆ,

ಹೇಗಿದ್ದೀಯಪ್ಪಾ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ನಾನು ಕಟ್ಟಿಕೊಟ್ಟ ಪುಡಿ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಪೆಟ್ಟಿಗೆಯ ತಳದಲ್ಲಿ ಹಾಗೇ ಬಿದ್ದಿದೆಯೋ? ನಿನ್ನ ಗುಣ ನನಗೆ ಗೊತ್ತಿಲ್ಲವೇ. ಹಡಗಿನ ಅಡುಗೆಯವನು ಮೂರು ಹೊತ್ತೂ ಆಲೂಗೆಡ್ಡೆ ಬೇಯಿಸಿ ಹಾಕುತ್ತಾನೆ ಎಂದು ಓದಿ ನಿನ್ನಪ್ಪ ಅವತ್ತು ಊಟವನ್ನೇ ಅರ್ಧಕ್ಕೆ ಬಿಟ್ಟೆದ್ದರು. ನಿನಗಾಗಿ ಒಣಮೀನು ಕಟ್ಟಿಟ್ಟಿದ್ದೇನೆ. ಈ ಕಾಗದವನ್ನು ಹಡಗಿಗೆ ತಲುಪಿಸುವ ಮನಿಲಾದ ಕಚೇರಿಯವರು ಒಣಮೀನನ್ನು ಮಾತ್ರ ಮುಟ್ಟುವುದಿಲ್ಲವಂತೆ, ವಾಸನೆಯಂತೆ. ಅವರ ಮೂಗಿಗೆ ಏನು ಬಂದಿದೆಯೋ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ದೋಣಿಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಅರ್ಧ ಬಣ್ಣ ದೋಣಿಗೆ, ಅರ್ಧ ಅವರ ಪ್ಯಾಂಟಿಗೆ. ನಿನ್ನ ಕಾಗದ ಸಿಂಗಾಪುರದಿಂದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ತಡವಾದದ್ದಕ್ಕೆ ಬಯ್ಯಬೇಡ. ಅದರಲ್ಲಿ ನೀನು ಎರಡು ಪ್ರಶ್ನೆ ಕೇಳಿದ್ದೆ. ಒಂದು, 'ಅಮ್ಮಾ, ನನ್ನ ಮಗಳು ನೋಡೋಕೆ ಹೇಗಿದ್ದಾಳೆ? ಅರ್ಲೀನ್ ಬರೀ ತೂಕ ಬರೀತಾಳೆ, ಅದನ್ನು ಓದಿದ್ರೆ ಹಂದಿಮರಿ ಕೊಂಡ ಹಾಗಿರುತ್ತೆ. ನೀನು ಹೇಳು.' ಇನ್ನೊಂದು, 'ನಿನ್ನ ನಾಲಿಗೆ ಕಪ್ಪಾಗಿದೆಯಂತೆ, ನಿಜವಾ?' ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹೇಳದೆ ಮೊದಲನೆಯದನ್ನು ಹೇಳಲು ಬರುವುದಿಲ್ಲ.

ನಿಜ. ಕಪ್ಪಾಗಿತ್ತು. ಸ್ವಲ್ಪಸ್ವಲ್ಪ ಅಲ್ಲ, ಬಾಣಲೆಯ ತಳದ ಹಾಗೆ. ನೀನು ಹಡಗು ಹತ್ತಿದ ಮೇಲೆ ಕ್ರಿಸ್‌ಮಸ್ ಹೊತ್ತಿಗೆ ನನ್ನ ಹೊಟ್ಟೆನೋವು ವಿಪರೀತವಾಯಿತು. ಹೊಲಿಗೆ ಯಂತ್ರದ ಮುಂದೆ ಕೂತರೆ ಬಗ್ಗಲು ಆಗುತ್ತಿರಲಿಲ್ಲ. ಅಪ್ಪ ಎಳೆದುಕೊಂಡು ಹೋಗಿ ಪೇಟೆಯ ಡಾಕ್ಟರಿಗೆ ತೋರಿಸಿದರು. ಆ ಡಾಕ್ಟರು ಇನ್ನೂ ಹುಡುಗಿ, ನಿನಗಿಂತ ಚಿಕ್ಕವಳು, ಆದರೆ ಮಾತು ಮಾತ್ರ ನನ್ನ ಅತ್ತೆಯಂಥದು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದಳು, ಊಟಕ್ಕೆ ಮುಂಚೆ ಅಗಿದು ನುಂಗುವ ಮಾತ್ರೆ ಕೊಟ್ಟಳು, ವಿನೆಗರ್ ಮುಟ್ಟಬೇಡಿ ಎಂದಳು. ವಿನೆಗರ್ ಇಲ್ಲದೆ ಮೀನನ್ನು ಹೇಗೆ ತಿನ್ನುವುದು ಎಂದು ಕೇಳಿದೆ. 'ಹಾಗಾದ್ರೆ ಮೀನನ್ನೂ ಬಿಡಿ' ಎಂದಳು. ಆ ಮಾತ್ರೆ ಅಗಿದರೆ ಬಾಯಲ್ಲಿ ನಾಣ್ಯ ಚೀಪಿದ ರುಚಿ. ಅನ್ನಕ್ಕೂ ಅದೇ ರುಚಿ, ಕಾಫಿಗೂ ಅದೇ ರುಚಿ. ಆದರೆ ಹೊಟ್ಟೆ ತಣ್ಣಗಾಯಿತು ನೋಡು, ಅದಕ್ಕೆ ಸುಮ್ಮನೆ ನುಂಗುತ್ತಾ ಹೋದೆ.

ನಾಲಿಗೆ ಕಪ್ಪಾಗಿದೆ ಎಂದು ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿಸಿದವಳು ಪೋಸ್ಟ್‌ಮಾಸ್ತರರ ಮಗಳು. ಮದುವೆಯ ಗೌನು ಅಳತೆ ನೋಡಲು ಬಂದಿದ್ದಳು. ಕನ್ನಡಿಯ ಮುಂದೆ ನಿಲ್ಲಿಸಿ, ಸೊಂಟದ ಹತ್ತಿರ ಗುಂಡುಸೂಜಿ ಚುಚ್ಚಿ, ಹಿಂದೆ ಸರಿದು, ನಾನು ಎಲ್ಲರಿಗೂ ಹೇಳುವಂತೆ, 'ಅಯ್ಯೋ, ಎಷ್ಟು ಚೆಂದ ಕಾಣ್ತಿದೀಯೆ! ನಿನ್ನ ಕತ್ತು ನೋಡು, ಹಂಸದ ಕತ್ತು!' ಎಂದೆ. ನನ್ನ ಕೆಲಸದಲ್ಲಿ ಅರ್ಧ ಹೊಲಿಗೆ, ಅರ್ಧ ಹೊಗಳಿಕೆ ಎಂಬುದು ನಿನಗೆ ಗೊತ್ತೇ ಇದೆ. ಚಿಕ್ಕಂದಿನಲ್ಲಿ ನೀನೇ ಹೇಳುತ್ತಿದ್ದೆ, 'ಅಮ್ಮ ಮೇಕೆಗೆ ರವಿಕೆ ಹೊಲಿದ್ರೂ ಮದುಮಗಳು ಅಂತಾಳೆ' ಎಂದು. ಆ ಹುಡುಗಿ ಕನ್ನಡಿಯಲ್ಲಿ ನನ್ನ ಬಾಯಿ ನೋಡಿ ಕಿರುಚಿದಳು. ಗುಂಡುಸೂಜಿಗಳ ಸಮೇತ ಬೀದಿಗೆ ಓಡಿದಳು. ಓಡುತ್ತಲೇ 'ಪ್ವೆರಾ ಬುಯಾಗ್! ಪ್ವೆರಾ ಬುಯಾಗ್!' ಎಂದು ಕೂಗಿದಳು. ಹೊಗಳಿಕೆ ತಟ್ಟದಿರಲಿ ಎಂದು ನಾವೆಲ್ಲ ಮಕ್ಕಳ ಹೊಟ್ಟೆ ಮುಟ್ಟಿ ಹೇಳುತ್ತೇವಲ್ಲ, ಅದನ್ನು ಅವಳು ಮೂರು ಬೀದಿಗೆ ಕೇಳುವಂತೆ ಹೇಳಿದಳು. ಮರುದಿನ ಅವಳ ಕತ್ತಿನ ತುಂಬ ಕೆಂಪು ಗಂಧೆ. ಅದು ಲೇಸಿನ ನವೆ, ಅವಳ ಅಮ್ಮ ಅಗ್ಗದ ಲೇಸು ತಂದುಕೊಟ್ಟಿದ್ದಳು. ಯಾರಿಗೆ ಹೇಳಲಿ? ಕರಿನಾಲಿಗೆಯವಳು ಹೊಗಳಿದಳು, ಕತ್ತಿಗೇ ತಟ್ಟಿತು ಎಂದು ಊರೆಲ್ಲ ಆಯಿತು.

ಡಾಕ್ಟರ ಬಳಿ ಓಡಿದೆ. ನಾಲಿಗೆ ಚಾಚಿಸಿ ನೋಡಿ ನಕ್ಕಳು. 'ಇದು ಮಾತ್ರೆ ಬಣ್ಣ ಅಮ್ಮಾ, ಅಷ್ಟೇ. ಬಾಯಿಯ ಜೊಲ್ಲಿನ ಜೊತೆ ಸೇರಿದ್ರೆ ಹೀಗೆ ಕಪ್ಪಾಗುತ್ತೆ. ಮಾತ್ರೆ ಮುಗಿದ್ಮೇಲೆ ತಾನಾಗೇ ಹೋಗುತ್ತೆ. ಹೆದರಿಕೊಂಡು ಮಧ್ಯದಲ್ಲಿ ನಿಲ್ಲಿಸ್ಬೇಡಿ, ಹುಣ್ಣಿಂದ ರಕ್ತ ಬಂದ್ರೆ ಆಮೇಲೆ ನನ್ನನ್ನ ಕೇಳ್ಬೇಡಿ' ಎಂದಳು. ನಾನು ಆ ಮಾತನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ಹೇಳಿದೆ. ಹೇಳಲು ಬಾಯಿ ತೆರೆಯಬೇಕಲ್ಲ, ತೆರೆದರೆ ಅವರು ನಾಲಿಗೆಯನ್ನೇ ನೋಡುತ್ತಿದ್ದರು, ಮಾತು ಕೇಳುತ್ತಿರಲಿಲ್ಲ.

ಆಮೇಲೆ ನಾನೇ ಒಂದು ದಡ್ಡ ಕೆಲಸ ಮಾಡಿದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಎಲ್ಪಿದಿಯೋ, ನಿನ್ನಪ್ಪನ ಜೊತೆ ಬಲೆ ಹಾಕುವವನು, ಒಂದು ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. 'ಅಕ್ಕಾ, ಒಂದು ಉಪಕಾರ ಆಗ್ಬೇಕು. ಇವತ್ತು ಕೋಳಿ ಅಂಕದಲ್ಲಿ ಆಚೆ ಊರಿನವರ ಬಿಳಿ ಹುಂಜ ಇಳಿಯುತ್ತೆ. ನೀವು ಸುಮ್ನೆ ಅದರ ಹತ್ರ ಹೋಗಿ ಒಂದು ಮಾತು ಚೆನ್ನಾಗಿದೆ ಅಂದ್ಬಿಡಿ, ಸಾಕು.' ಅಪ್ಪ ಒಳಗೆ ಮುಸಿಮುಸಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಸರಿ, ಇವತ್ತು ಎಲ್ಲರೆದುರೇ ಈ ಹುಚ್ಚು ಬಿಡಿಸುತ್ತೇನೆ ಎಂದು ಹೊರಟೇಬಿಟ್ಟೆ. ಅಷ್ಟು ಗಂಡಸರ ನಡುವೆ ಹೋಗಿ, ನಾಲಿಗೆಯನ್ನು ಗಲ್ಲದವರೆಗೆ ಚಾಚಿ ತೋರಿಸಿ, ಆ ಬಿಳಿ ಹುಂಜವನ್ನು ಜುಟ್ಟಿನಿಂದ ಉಗುರಿನವರೆಗೆ ಹೊಗಳಿದೆ. 'ಏನು ಎದೆ! ಏನು ರೆಕ್ಕೆ! ಆಹಾ, ಸೇನಾಪತಿ ಇದ್ದ ಹಾಗಿದಾನೆ!' 'ಇನ್ನು ನೋಡ್ಕೊಳ್ರೋ, ಅದು ಹೇಗೆ ಗೆಲ್ಲುತ್ತೆ ಅಂತ!' ಎಂದು ಸವಾಲು ಹಾಕಿದೆ. ಮಗನೇ, ಆ ದರಿದ್ರ ಹುಂಜ ಅಂಕಕ್ಕೆ ಇಳಿದದ್ದೇ ತಡ, ಒಂದೇ ಏಟಿಗೆ ಕಾಲು ಮಡಚಿ ಮಲಗಿತು.

ಜನ ನನಗೆ ದಾರಿ ಬಿಟ್ಟರು. ಇಗರ್ಜಿಯ ಪಾದ್ರಿಗೂ ಅಷ್ಟು ದಾರಿ ಬಿಡುವುದಿಲ್ಲ. ಎಲ್ಪಿದಿಯೋ ಆ ಸಂಜೆ ಒಂದು ಕೋಳಿಕಾಲು ತಂದುಕೊಟ್ಟ. ನಾನು ಅದನ್ನು ಅವನ ಬೆನ್ನಿಗೇ ಎಸೆದೆ. ಆದರೆ ಒಳಗೆ ಹೋಗಿ ಕನ್ನಡಿ ಮುಂದೆ ನಿಂತಾಗ ನನಗೂ ಒಂದು ಥರ ಆಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಬಾಯಿಂದ ಇಷ್ಟು ವರ್ಷ ಎಷ್ಟು ಒಳ್ಳೆಯ ಮಾತು ಹೊರಟಿದೆ, ಅದೆಲ್ಲ ಯಾರ್‍ಯಾರ ಮೇಲೆ ಹೋಗಿ ಬಿದ್ದಿದೆಯೋ ಎಂದು ಯೋಚಿಸುತ್ತಾ ನಿಂತುಬಿಟ್ಟೆ. ಅಪ್ಪ ಬಂದು 'ಹುಂಜಕ್ಕೆ ಜ್ವರ ಇತ್ತಂತೆ ಕಣೇ, ಅದರ ಯಜಮಾನನೇ ಹೇಳಿದ' ಎಂದರು. ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ಇವತ್ತಿಗೂ ನಾನು ಕೇಳಿಲ್ಲ.

ಇದೆಲ್ಲ ಮುಗಿಯುವಷ್ಟರಲ್ಲಿ ನಿನ್ನ ಮಗಳು ಹುಟ್ಟಿದಳು. ಸುದ್ದಿ ಬಂದಾಗ ನಾನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಬೀಗಿತ್ತಿ ತಿಬುರ್ಸಿಯಾ ಬಾಗಿಲಲ್ಲಿ ಅಡ್ಡ ನಿಂತಿದ್ದಳು, ಎರಡು ಕೈಯನ್ನೂ ಬಾಗಿಲ ಪಟ್ಟಿಗೆ ಚಾಚಿ. 'ಸಿಮಾ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಓದಿದೋರು. ಆದ್ರೆ ನಿನ್ನ ಬಾಯಿ ನಿನಗೆ ಗೊತ್ತು. ಮಗು ನೋಡಿದ್ರೆ ನೀನು ಹೊಗಳದೇ ಇರಲ್ಲ. ನಾಲಿಗೆ ಸರಿಹೋಗ್ಲಿ, ಆಮೇಲೆ ಬಾ' ಎಂದಳು. ನಾನು ಬಾಯಿ ಮುಚ್ಚಿಕೊಂಡಿರ್ತೀನಿ ಎಂದು ಬೇಡಿಕೊಂಡೆ. 'ನೀನಾ!' ಎಂದಳು. ಅರ್ಲೀನ್ ಒಳಗಿಂದ 'ಅಮ್ಮಾ, ಅತ್ತೆ ಬರ್ಲಿ ಬಿಡಮ್ಮಾ' ಎಂದು ಕೂಗಿದ್ದು ಕೇಳಿತು. ಅವಳ ಮೇಲೆ ನೀನು ತಪ್ಪು ಹೊರಿಸಬೇಡ. ಬಾಣಂತಿ, ತಾಯಿಮನೆಯಲ್ಲಿರುವವಳು, ಎಷ್ಟೆಂದು ಎದುರಾಡುತ್ತಾಳೆ?

ಮನೆಗೆ ಬಂದು ಮಾತ್ರೆ ಡಬ್ಬಿಯನ್ನು ಬಾವಿಕಟ್ಟೆಯ ಹಿಂದಕ್ಕೆ ಎಸೆದೆ. ಡಾಕ್ಟರು ಏನಾದರೂ ಹೇಳಿಕೊಳ್ಳಲಿ, ನನಗೆ ನನ್ನ ಮೊಮ್ಮಗಳು ಬೇಕಾಗಿತ್ತು. ಒಂದು ವಾರಕ್ಕೆ ನಾಲಿಗೆಯ ಅಂಚು ಕೆಂಪಾಗತೊಡಗಿತು. ನಾನು ಬೆಳಿಗ್ಗೆ ಎದ್ದರೆ ಕನ್ನಡಿ, ಮಲಗುವ ಮುಂಚೆ ಕನ್ನಡಿ. ಅಷ್ಟರಲ್ಲಿ ಹೊಟ್ಟೆ ಮತ್ತೆ ಹಿಡಿಯಿತು. ಅಪ್ಪನಿಗೆ ತಿಳಿಯಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ವಾಂತಿಯಾಯಿತು, ಅದರಲ್ಲಿ ರಕ್ತ ಇತ್ತು. ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ರಸ್ತೆಯವರೆಗೆ ನಡೆದರು. ಡಾಕ್ಟರ್ ಹುಡುಗಿ ಚೆನ್ನಾಗಿ ಬಯ್ದಳು. 'ಮೊಮ್ಮಗು ಮದುವೆ ನೋಡ್ಬೇಕಾ, ಇಲ್ಲಾ ಈ ತಿಂಗಳು ಅದರ ಮುಖ ನೋಡಿದ್ರೆ ಸಾಕಾ?' ಎಂದು ಕೇಳಿದಳು. ಮದುವೆ ನೋಡಬೇಕು ಎಂದೆ. ಮಾತ್ರೆ ಮೊದಲಿಂದ ಶುರುವಾಯಿತು. ನಾಲಿಗೆ ಮತ್ತೆ ಮಸಿಯಾಯಿತು. ಈಗ ಗುಣವಾಗಿದೆ, ಗಾಬರಿಯಾಗಬೇಡ. ನೀನು ದೂರದಲ್ಲಿ ಒಬ್ಬನೇ ಕೂತು ಕೊರಗುವುದು ಬೇಡ ಎಂದೇ ಆಗ ತಿಳಿಸಲಿಲ್ಲ.

ಆ ದಿನಗಳಲ್ಲಿ ಮಗುವನ್ನು ನಾನು ರಸ್ತೆಯ ಈಚೆ ಬದಿಯಿಂದ ನೋಡುತ್ತಿದ್ದೆ. ಬೆಳಿಗ್ಗೆ ಎಳೆಬಿಸಿಲಿಗೆ ಅರ್ಲೀನ್ ಅದನ್ನು ಜಗಲಿಗೆ ತರುತ್ತಿದ್ದಳು. ನಾನು ಅದೇ ಹೊತ್ತಿಗೆ ಎದುರಿನ ಅಂಗಡಿಯಲ್ಲಿ ಒಂದು ದಾರದುಂಡೆ ಕೊಳ್ಳಲು ಹೋಗುತ್ತಿದ್ದೆ. ಈಗ ನನ್ನ ಬಳಿ ಇಡೀ ಊರಿಗೆ ಹೊಲಿಯುವಷ್ಟು ದಾರ ಇದೆ. ಕಾಣುತ್ತಿದ್ದದ್ದು ಒಂದು ಬಿಳಿ ಬಟ್ಟೆಯ ಗಂಟು, ಅದರೊಳಗಿಂದ ಒಮ್ಮೊಮ್ಮೆ ಒಂದು ಕಾಲು. ಅರ್ಲೀನ್ ನನಗಾಗಿ ಬೇಕೆಂದೇ ಬಟ್ಟೆ ಸರಿಸುತ್ತಿದ್ದಳು, ನನಗೆ ಗೊತ್ತು. ಜ್ಞಾನಸ್ನಾನದ ಗೌನನ್ನು ನಾನೇ ಹೊಲಿದೆ. ಮೈ ಅಳತೆ ಸಿಗದೆ ಆ ಕಾಲಿನ ಉದ್ದ ನೋಡಿಯೇ ಅಂದಾಜು ಮಾಡಿದೆ. ಅಪ್ಪನ ಕೈಯಲ್ಲಿ ಕಳಿಸಿದಾಗ ಬೀಗಿತ್ತಿ ಅದನ್ನು ಉಪ್ಪುನೀರಲ್ಲಿ ಜಾಲಿಸಿದಳಂತೆ. ಜಾಲಿಸಲಿ ಬಿಡು, ಹೊಲಿಗೆ ಗಟ್ಟಿಯಿದೆ.

ಜ್ಞಾನಸ್ನಾನದ ದಿನ ಇಗರ್ಜಿಯ ಕೊನೆಯ ಸಾಲಿನಲ್ಲಿ ನಿಲ್ಲಲು ನನಗೆ ಅಪ್ಪಣೆಯಾಯಿತು, ಬಾಯಿಗೆ ಕರವಸ್ತ್ರ ಹಿಡಿದು. ಪಾದ್ರಿ ನೀರು ಹಾಕಿ ಕ್ಲಾರಿಬೆಲ್ ಎಂದು ಹೆಸರು ಹೇಳಿದಾಗ ಎಲ್ಲರೂ ಆಮೆನ್ ಎಂದರು, ನಾನು ಅದನ್ನೂ ಬಾಯೊಳಗೇ ಹೇಳಿಕೊಂಡೆ. ಗೌನು ಅವಳಿಗೆ ಅಳತೆ ಹಿಡಿದಂತೆ ಕೂತಿತ್ತು. ಒಂದೇ ಒಂದು ಮಾತು ಆಡಲಿಲ್ಲ ಮಗನೇ. ಅಪ್ಪನೇ ಸಾಕ್ಷಿ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು ಎಂದು ಈಗಲೂ ಎಲ್ಲರಿಗೂ ಹೇಳುತ್ತಿರುತ್ತಾರೆ.

ಅದಾದ ಮೇಲಿನ ಬುಧವಾರ ಆರೋಗ್ಯ ಕೇಂದ್ರದಲ್ಲಿ ಮಗುವಿನ ತೊಡೆಗೆ ಚುಚ್ಚುಮದ್ದು ಹಾಕಿಸಿದರು. ಸಂಜೆಗೆ ಮೈ ಬೆಚ್ಚಗಾಯಿತು. ನಿನಗೂ ಆಗಿತ್ತು, ಎಲ್ಲ ಮಕ್ಕಳಿಗೂ ಆಗುತ್ತದೆ. ಜ್ವರ ಬಂದರೆ ಹಾಕಿ ಎಂದು ಅಲ್ಲಿಯ ನರ್ಸು ಹನಿ ಔಷಧಿಯನ್ನೂ ಕೊಟ್ಟಿದ್ದಳು. ಆದರೆ ಬೀಗಿತ್ತಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ನಾಟಿ ಔಷಧಿಯ ಮುದುಕಿಯನ್ನು ಕರೆಸಿದಳು. ಆ ಮುದುಕಿ ಮಗುವಿನ ಹೊಟ್ಟೆ ಮುಟ್ಟಿ, 'ಇದು ಬುಯಾಗ್. ಯಾವ ನಾಲಿಗೆ ಹೊಗಳಿತೋ ಅದೇ ನಾಲಿಗೆಯ ಎಂಜಲು ಹಚ್ಚಬೇಕು. ಬೇರೆ ಯಾವ ಔಷಧಿಗೂ ಇಳಿಯಲ್ಲ' ಎಂದಳಂತೆ. ಇನ್ನು ಯಾವ ನಾಲಿಗೆ ಎಂದು ಹುಡುಕಬೇಕಿತ್ತೇ?

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ತಿಬುರ್ಸಿಯಾ ಮಗುವನ್ನು ಎದೆಗವಚಿಕೊಂಡು ಬರುತ್ತಿದ್ದಳು. ಹಿಂದೆ ಅರ್ಲೀನ್, ಅವಳ ಹಿಂದೆ ಅರ್ಧ ಬೀದಿ. ಬೀಗಿತ್ತಿಯ ಕಣ್ಣು ಕೆಂಪಾಗಿತ್ತು, ತಲೆ ಬಾಚಿರಲಿಲ್ಲ. ಬಂದವಳೇ, 'ಏನು ಮಾಡಿದ್ಯೇ ನನ್ನ ಮಗೂಗೆ?' ಎಂದಳು. ನಾನು ಬಾಯೇ ತೆರೆದಿಲ್ಲವಲ್ಲೇ ಎಂದೆ. 'ಬಾಯಲ್ಲಿ ಹೇಳದಿದ್ರೇನು, ಮನಸ್ಸಲ್ಲಿ ಹೊಗಳಿರ್ತೀಯ! ಇಲ್ಲ ಅನ್ನು ನೋಡೋಣ, ಸಂತ ಮಿಗೆಲ್ ಮೇಲೆ ಆಣೆ ಇಟ್ಟು ಇಲ್ಲ ಅನ್ನು!' ಎಂದಳು. ಆಣೆ ಹೇಗಿಡಲಿ? ಇಗರ್ಜಿಯ ಕೊನೆಯ ಸಾಲಿನಲ್ಲಿ ನಿಂತು ನಾನು ಮನಸ್ಸಿನಲ್ಲಿ ಬೇರೆ ಏನು ಮಾಡಿದ್ದೆ ಹೇಳು?

ನೋಡು ಮಗನೇ, ಅಲ್ಲಿ ನಿಂತಾಗ ನನಗೆ ಎರಡು ದಾರಿ ಇದ್ದವು. ಇದು ಚುಚ್ಚುಮದ್ದಿನ ಜ್ವರ, ನನ್ನ ನಾಲಿಗೆ ಮಾತ್ರೆಯ ಬಣ್ಣ ಎಂದು ಮತ್ತೊಮ್ಮೆ ಎಲ್ಲರಿಗೂ ಹೇಳಬಹುದಿತ್ತು. ಹೇಳಿದ್ದರೆ ಅವಳು ಮಗುವನ್ನು ಹಾಗೇ ತಿರುಗಿಸಿಕೊಂಡು ಹೋಗುತ್ತಿದ್ದಳು, ಆ ಹನಿ ಔಷಧಿ ಕಪಾಟಿನಲ್ಲೇ ಉಳಿಯುತ್ತಿತ್ತು. ಇನ್ನೊಂದು ದಾರಿ ಹಿಡಿದರೆ ನಾನು ಈ ಊರಿನಲ್ಲಿ ಸಾಯುವವರೆಗೂ ಕರಿನಾಲಿಗೆಯವಳೇ. ಯಾವ ಮದುಮಗಳೂ ನನ್ನ ಮುಂದೆ ಕನ್ನಡಿ ನೋಡಲು ನಿಲ್ಲುವುದಿಲ್ಲ. ಅಷ್ಟರಲ್ಲಿ ಆ ಬಟ್ಟೆಯ ಗಂಟು ಒಮ್ಮೆ ಕೊಸರಾಡಿ ಕುಂಯ್ ಎಂದಿತು. ಅಷ್ಟೇ. ನಾನು ಪೊರಕೆ ಕೆಳಗೆ ಹಾಕಿದೆ. 'ಹೌದು ತಿಬು, ಹೊಗಳಿದೆ. ತಪ್ಪು ನನ್ನ ನಾಲಿಗೆಯದೇ. ಎಂಜಲು ಹಚ್ತೀನಿ. ಆದ್ರೆ ನನ್ನ ಎಂಜಲು ಬರೀ ಹೊಟ್ಟೆ ಮೇಲೆ ನಿಲ್ಲಲ್ಲ, ಆ ಆರೋಗ್ಯ ಕೇಂದ್ರದ ಹನಿ ಒಳಗೆ ಹೋಗಿರ್ಬೇಕು, ಆಗ್ಲೇ ಹಿಡಿಯೋದು. ಮೊದ್ಲು ಅದನ್ನ ತರ್ಸು' ಎಂದೆ. ಗಂಭೀರವಾಗಿ ಹೇಳಿದೆ, ಮಂತ್ರ ತಿಳಿದವಳ ಹಾಗೆ. ಅರ್ಲೀನ್ ನನ್ನ ಮುಖ ನೋಡಿದಳು, ಅರ್ಥ ಮಾಡಿಕೊಂಡಳು, ಅಮ್ಮನ ಸೊಂಟದಿಂದ ಬೀಗದಕೈ ಕಿತ್ತುಕೊಂಡು ಓಡಿದಳು. ನಿನ್ನ ಹೆಂಡತಿ ಜಾಣೆ ಕಣೋ.

ಹನಿ ಒಳಗೆ ಹೋದ ಮೇಲೆ ತಿಬುರ್ಸಿಯಾ ಮಗುವನ್ನು ನನ್ನ ಕೈಗೆ ಕೊಟ್ಟಳು. ಬೀದಿಯವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಮೆಟ್ಟಿಲ ಮೇಲೆ ಕೂತೆ. ಬೆರಳಿಗೆ ಎಂಜಲು ಮಾಡಿಕೊಂಡು ಹಣೆಗೆ ಇಟ್ಟೆ, ಹೊಟ್ಟೆಗೆ ಇಟ್ಟೆ, ಅಂಗಾಲಿಗೂ ಇಟ್ಟೆ, ಅಂಗಾಲಿಗೆ ಶಾಸ್ತ್ರ ಇಲ್ಲ, ಇನ್ನಷ್ಟು ಹೊತ್ತು ಹಿಡಿದುಕೊಳ್ಳಲು ನಾನೇ ಸೇರಿಸಿದೆ. ಎಲ್ಲರಿಗೂ ಕೇಳುವಂತೆ, 'ಥೂ, ಏನು ಕುರೂಪಿಯಪ್ಪಾ ಇದು! ಚಪ್ಪಟೆ ಮೂಗು, ತೆಂಗಿನಕಾಯಿ ತಲೆ, ಮುದುಕಪ್ಪನ ಹಾಗೆ ಸುಕ್ಕು! ಇದನ್ನ ಯಾರು ಮದ್ವೆ ಆಗ್ತಾರೆ!' ಎಂದು ಬಯ್ದೆ. ಬಯ್ಯುತ್ತಾ ಬಯ್ಯುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಮುದುಕಿ, 'ನೋಡಿ, ತಪ್ಪೊಪ್ಪಿಕೊಂಡು ಅಳ್ತಿದಾಳೆ, ಇನ್ನು ಇಳಿಯುತ್ತೆ' ಎಂದಳು. ಮಧ್ಯಾಹ್ನಕ್ಕೆ ಜ್ವರ ಇಳಿಯಿತು.

ಅಲ್ಲಿಂದ ಮುಂದೆ ನನ್ನ ಎಂಜಲಿಗೆ ಬೇಡಿಕೆಯೋ ಬೇಡಿಕೆ. ಮಗು ಸೀನಿದರೆ ತರುತ್ತಾಳೆ, ಬಿಕ್ಕಳಿಸಿದರೆ ತರುತ್ತಾಳೆ. ಭಾನುವಾರ ಪೂಜೆ ಮುಗಿಸಿ ತಪ್ಪದೆ ಬರುತ್ತಾಳೆ, ವಾರದಲ್ಲಿ ಯಾರ್‍ಯಾರು ಹೊಗಳಿದ್ದಾರೋ ಅದಕ್ಕೆಲ್ಲ ಸೇರಿಸಿ ಒಂದೇ ಸಲಕ್ಕೆ ಹಚ್ಚಿಸಿಕೊಂಡು ಹೋಗಲು. ಮೊದಮೊದಲು ಮೆಟ್ಟಿಲ ಮೇಲೇ ನಿಂತು ಅವಸರ ಮಾಡುತ್ತಿದ್ದಳು. ಈಗ ಒಳಗೆ ಬಂದು ಕಾಫಿ ಕುಡಿಯುತ್ತಾಳೆ, ನಾನು ಕರಟದಲ್ಲಿ ತೆಗೆದಿಟ್ಟ ಕಲಮಾಯ್ ಸಿಹಿಯನ್ನು ಬೆರಳಲ್ಲಿ ಬಳಿದು ತಿನ್ನುತ್ತಾಳೆ, ಶಾಲೆಯ ಕಾಲದ ಮಾತೆಲ್ಲ ತೆಗೆಯುತ್ತಾಳೆ. ಆದರೆ ಮಗುವನ್ನು ಕೊಡುವ ಮುಂಚೆ 'ಎಲ್ಲಿ, ತೋರ್ಸು' ಎನ್ನುತ್ತಾಳೆ. ನಾನು ನಾಲಿಗೆ ಚಾಚಬೇಕು. ಕಪ್ಪು ನೋಡಿದ ಮೇಲೆಯೇ ಮಗು ನನ್ನ ತೊಡೆಗೆ. ಹೊಲಿಗೆಯೂ ನಿಂತಿಲ್ಲ, ಯೋಚಿಸಬೇಡ. ಅಳತೆ ತೆಗೆಯುವಾಗ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡಿರುತ್ತೇನೆ. ಸೂಜಿ ಇದ್ದರೆ ಮಾತಾಡುವುದಿಲ್ಲ ಎಂದು ಗಿರಾಕಿಗಳಿಗೆ ಧೈರ್ಯ. ಮದುವೆಯ ಗೌನು ಮಾತ್ರ ಬರುವುದಿಲ್ಲ. ಪರವಾಗಿಲ್ಲ, ಶಾಲೆಯ ಸಮವಸ್ತ್ರ ಬೇಕಾದಷ್ಟಿದೆ.

ಈಗ ಬಂದಿರುವ ತೊಂದರೆ ಬೇರೆ. ಕಳೆದ ವಾರ ಡಾಕ್ಟರ್ ಹುಡುಗಿ ಹೊಟ್ಟೆ ನೋಡಿ, ಹುಣ್ಣು ಮಾಗಿದೆ, ಮಾತ್ರೆ ಸಾಕು ಎಂದಳು. ಅಪ್ಪ ಖುಷಿಗೆ ದಾರಿಯಲ್ಲೇ ನನಗೊಂದು ಐಸ್‌ಕ್ರೀಮ್ ಕೊಡಿಸಿದರು. ಐಸ್‌ಕ್ರೀಮಿಗೆ ಐಸ್‌ಕ್ರೀಮಿನದೇ ರುಚಿ ಇತ್ತು, ನಾಣ್ಯದ ರುಚಿ ಹೋಗಿತ್ತು. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ನಾಲಿಗೆ ಕೆಂಪಗಾಗುತ್ತಿದೆ. ಎಷ್ಟು ತಿಂಗಳು ಇದಕ್ಕಾಗಿ ಕಾದಿದ್ದೆನೋ, ಅದೇ ಬಂದಾಗ ಬೇಡವಾಯಿತು. ತಿಬುರ್ಸಿಯಾಳ ಲೆಕ್ಕ ನನಗೆ ಗೊತ್ತು. ಒಮ್ಮೆ ಕಪ್ಪಾದ ನಾಲಿಗೆ ಕೆಂಪಾದರೆ, ಹೊಗಳಿಕೆಯ ಭಯ ಅವಳಿಗೆ ಹೋಗುವುದಿಲ್ಲ, ಎಂಜಲಿನ ಗುಣ ಮಾತ್ರ ಹೋಗುತ್ತದೆ. ಆಗ ಮತ್ತೆ ನಾನು ರಸ್ತೆಯ ಈಚೆ, ಮಗು ರಸ್ತೆಯ ಆಚೆ. ಅಪ್ಪನಿಗೆ ಹೇಳಿದೆ. ಅವರು ಬಲೆ ಹೊಲಿಯುತ್ತಾ ಕೂತಿದ್ದರು. ತಲೆ ಎತ್ತದೆ, 'ಹಿತ್ತಲಲ್ಲಿ ನೇರಳೆ ಹಣ್ಣಾಗಿದೆ ಕಣೇ' ಎಂದರು.

ಅದಕ್ಕೇ ಇವತ್ತು ಬೆಳಿಗ್ಗೆ ಪೂಜೆಗೆ ಮುಂಚೆ ಮರದ ಕೆಳಗೆ ನಿಂತು ಮಡಿಲ ತುಂಬ ನೇರಳೆ ಹಣ್ಣು ಹಾಕಿಕೊಂಡು ತಿಂದೆ. ಚಿಕ್ಕಂದಿನಲ್ಲಿ ನೀನು ಕದ್ದು ತಿಂದು ನಾಲಿಗೆ ಚಾಚಿದರೆ ಸಿಕ್ಕಿಬೀಳುತ್ತಿದ್ದೆಯಲ್ಲ, ಅದೇ ಮರ. ಬೀಗಿತ್ತಿ ಬಂದು 'ತೋರ್ಸು' ಎಂದಳು, ಚಾಚಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಹಿತ್ತಲ ಕಡೆ ನೋಡಿದಳು, ಮರದ ಕೆಳಗೆ ನಾನು ಉಗಿದ ಬೀಜಗಳು ಬಿದ್ದಿದ್ದವು. ಅವಳು ಮಗುವನ್ನು ನನ್ನ ತೊಡೆಗೆ ಹಾಕಿ, 'ಕಾಫಿಗೆ ಸಕ್ಕರೆ ಜಾಸ್ತಿ ಹಾಕು ಸಿಮಾ' ಎಂದಳು. ನೇರಳೆ ಕಾಲ ಮುಗಿದ ಮೇಲೆ ಏನು ಮಾಡುವುದೋ ಎಂದು ಬೆಳಿಗ್ಗೆಯವರೆಗೂ ಚಿಂತೆಯಿತ್ತು. ಈಗ ಅಷ್ಟಾಗಿ ಇಲ್ಲ.

ಹೊತ್ತು ಮುಳುಗುತ್ತಿದೆ, ನಾಳೆ ಮನಿಲಾಗೆ ಹೋಗುವವರ ಕೈಗೆ ಇದನ್ನು ಕೊಡಬೇಕು. ಸಮಯಕ್ಕೆ ಸರಿಯಾಗಿ ಊಟ ಮಾಡು, ಹೊಟ್ಟೆ ಉರಿದರೆ ನನ್ನ ಹಾಗೆ ಮುಚ್ಚಿಡಬೇಡ. ಅಪ್ಪ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದರು, ದೋಣಿಯ ಬಣ್ಣ ಹಸಿರು ಎಂದೂ ಬರೆಯಲು ಹೇಳಿದರು. ಸಮುದ್ರ ನಿನ್ನ ಮೇಲೆ ಕರುಣೆ ಇಡಲಿ, ಮಾತೆ ಮರಿಯಳು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ.

ನಿನ್ನ ಅಮ್ಮ,
ಫೆಲಿಸಿಮಾ

ವಿ.ಸೂ.: ಇಷ್ಟುದ್ದ ಬರೆದರೂ ನಿನ್ನ ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯಲಿಲ್ಲ, ಗಮನಿಸಿದೆಯಾ? ಈಗ ಬಾಗಿಲು ಹಾಕಿ ಬಂದಿದ್ದೇನೆ. ಕಾಗದಕ್ಕೆ ನಾಲಿಗೆ ಇಲ್ಲ, ಅದಕ್ಕೇ ಧೈರ್ಯ ಮಾಡಿ ಬರೆಯುತ್ತೇನೆ. ಮೆಸ್ಯೋ, ನಿನ್ನ ಮಗಳು ಚೆಂದ ಇದ್ದಾಳೆ ಕಣೋ. ಅಯ್ಯೋ, ಎಷ್ಟು ಚೆಂದ ಇದ್ದಾಳೆ! ಆಕಳಿಸಿದರೆ ಎಡ ಹುಬ್ಬು ಮೇಲೇರುತ್ತದೆ, ಥೇಟ್ ನಿನ್ನದೇ. ಬೆರಳು ಉದ್ದ, ಉಗುರು ಭತ್ತದ ಕಾಳಿನಷ್ಟು. ನಾನು ಕುರೂಪಿ, ಚಪ್ಪಟೆ ಮೂಗಿ ಎಂದು ಬಯ್ದರೆ ಬಾಯಿ ಅಗಲಿಸಿ ನಗುತ್ತಾಳೆ, ಅದು ಹೊಗಳಿಕೆ ಎಂದು ಅವಳೊಬ್ಬಳಿಗೆ ಗೊತ್ತು. ನನ್ನ ಜನ್ಮದಲ್ಲಿ ಇಷ್ಟು ಚೆಂದದ ಮಗುವನ್ನು ನಾನು ಕಂಡಿಲ್ಲ, ನೀನೂ ಹೀಗಿರಲಿಲ್ಲ. ಈ ಸಾಲು ಓದಿದ ಕೂಡಲೇ ಗಟ್ಟಿಯಾಗಿ ಪ್ವೆರಾ ಬುಯಾಗ್ ಎನ್ನು, ಹಡಗಿನವರು ನಕ್ಕರೆ ನಗಲಿ. ನನಗೇನೂ ಇದರಲ್ಲಿ ನಂಬಿಕೆ ಇಲ್ಲ, ಎಲ್ಲ ಆ ಮಾತ್ರೆಯ ಬಣ್ಣ. ಆದರೂ ಇರಲಿ ಎಂದು ಈಗ ಇನ್ನೊಂದು ನೇರಳೆ ತಿಂದು, ಬೆರಳಿಗೆ ಎಂಜಲು ಮಾಡಿಕೊಂಡು ಇಲ್ಲಿ ಒತ್ತಿದ್ದೇನೆ. ಕೆಳಗಿರುವ ನೇರಳೆ ಬಣ್ಣದ ಕಲೆ ಅದೇ, ಒರೆಸಬೇಡ.